ಸಮುದ್ರದ ಮೇಲೆ ಹುಟ್ಟಿದ ಸೇನೆ: ಅಮೆರಿಕದ ‘ಏಳನೇ ಸೇನೆ’ ನಡೆದು ಬಂದ ದಾರಿ

ಎರಡನೇ ಮಹಾಯುದ್ಧದಲ್ಲಿ ಕಾದಾಟಕ್ಕಿಳಿದ ಅಮೆರಿಕದ ಮೊದಲ ಫೀಲ್ಡ್ ಆರ್ಮಿ ಹುಟ್ಟಿದ್ದು ಸಮುದ್ರದ ಮೇಲೆ. 1943ರ ಜುಲೈ 10ರಂದು ಸಿಸಿಲಿ ದ್ವೀಪದತ್ತ ಸಾಗುತ್ತಿದ್ದ ಹಡಗಿನಲ್ಲಿಯೇ ಜನರಲ್ ಜಾರ್ಜ್ ಪ್ಯಾಟನ್ ಅವರ ಕೋರ್ ಕೇಂದ್ರ ಕಚೇರಿಗೆ ‘ಏಳನೇ ಸೇನೆ’ ಎಂಬ ಹೊಸ ಹೆಸರು ನೀಡಲಾಯಿತು.

ಫೀಲ್ಡ್ ಆರ್ಮಿ ಎಂದರೇನು?

ಹಲವು ಡಿವಿಜನ್‌ಗಳು ಸೇರಿ ಒಂದು ಕೋರ್. ಕೋರ್‌ಗಳನ್ನು ಒಂದೇ ಆಜ್ಞೆಯಡಿ ನಡೆಸುವುದು ಫೀಲ್ಡ್ ಆರ್ಮಿ. ಇದರಲ್ಲಿ ಸ್ಥಿರವಾಗಿ ಉಳಿಯುವುದು ಕೇಂದ್ರ ಕಚೇರಿಯೇ. ಡಿವಿಜನ್‌ಗಳು ಅಗತ್ಯಕ್ಕೆ ತಕ್ಕಂತೆ ಬಂದು ಹೋಗುತ್ತವೆ.

ಏಳನೇ ಸೇನೆಗೆ ಇದರ ಅನುಭವ ಬೇಗನೆ ಆಯಿತು. ಆಗಸ್ಟ್ 17ರಂದು ಮೆಸ್ಸಿನಾ ಕೈವಶವಾಗಿ ಸಿಸಿಲಿ ಸಮರ ಮುಗಿಯುತ್ತಿದ್ದಂತೆ ಅದರ ಡಿವಿಜನ್‌ಗಳನ್ನು ಇಟಲಿಗೂ ಬ್ರಿಟನ್ನಿಗೂ ಕಳುಹಿಸಲಾಯಿತು. ಆಸ್ಪತ್ರೆಯಲ್ಲಿದ್ದ ಯೋಧರಿಗೆ ಕಪಾಳಮೋಕ್ಷ ಮಾಡಿ ವಿವಾದಕ್ಕೆ ಸಿಲುಕಿದ್ದ ಪ್ಯಾಟನ್, ಸೇನೆಯೇ ಇಲ್ಲದ ಸೇನಾಪತಿಯಾಗಿ ಕೆಲ ಕಾಲ ಪಲೆರ್ಮೊದಲ್ಲಿ ಉಳಿಯಬೇಕಾಯಿತು.

ಫ್ರಾನ್ಸ್‌ನಿಂದ ಮ್ಯೂನಿಕ್‌ವರೆಗೆ

1944ರ ಮಾರ್ಚ್‌ನಲ್ಲಿ ಜನರಲ್ ಅಲೆಕ್ಸಾಂಡರ್ ಪ್ಯಾಚ್ ಹೊಣೆ ವಹಿಸಿಕೊಂಡರು. ಆಗಸ್ಟ್ 15ರಂದು ದಕ್ಷಿಣ ಫ್ರಾನ್ಸ್‌ನ ಕರಾವಳಿಯಲ್ಲಿ ಸೇನೆ ಇಳಿಯಿತು. ಆರಂಭದಲ್ಲಿ ಫ್ರೆಂಚ್ ಪಡೆಗಳೂ ಇದರ ಅಧೀನದಲ್ಲಿದ್ದವು. ಸೆಪ್ಟೆಂಬರ್‌ನಲ್ಲಿ ಅವು ಪ್ರತ್ಯೇಕ ಸೇನೆಯಾದವು. ಎರಡನ್ನೂ ಜನರಲ್ ಜೇಕಬ್ ಡೆವರ್ಸ್ ಅವರ ಆರನೇ ಸೇನಾ ಸಮೂಹದಡಿ ತರಲಾಯಿತು.

ಹೊಸ ವರ್ಷದ ಹೊಸ್ತಿಲಲ್ಲಿ ಜರ್ಮನರು ಅಲ್ಸಾಸ್‌ನಲ್ಲಿ ‘ನಾರ್ಡ್‌ವಿಂಡ್’ ದಾಳಿ ಆರಂಭಿಸಿದಾಗ ಕಠಿಣ ಪರೀಕ್ಷೆ ಎದುರಾಯಿತು. ಸ್ಟ್ರಾಸ್‌ಬರ್ಗ್ ನಗರದಿಂದ ಹಿಂದೆ ಸರಿಯಲು ಐಸೆನ್‌ಹೋವರ್ ಮುಂದಾಗಿದ್ದರು. ನಗರ ಮತ್ತೆ ನಾಜಿಗಳ ಪಾಲಾದರೆ ಜನರ ಗತಿಯೇನು ಎಂಬ ಆತಂಕದಿಂದ ದ ಗಾಲ್ ತೀವ್ರವಾಗಿ ವಿರೋಧಿಸಿದರು. ನಿರ್ಧಾರ ಬದಲಾಗಿ ನಗರ ಉಳಿಯಿತು.

1945ರ ಮಾರ್ಚ್ 26ರಂದು ವರ್ಮ್ಸ್ ಬಳಿ ರೈನ್ ನದಿ ದಾಟಿದ ಸೇನೆ, ಏಪ್ರಿಲ್‌ನಲ್ಲಿ ನ್ಯೂರೆಂಬರ್ಗ್ ಹಾಗೂ ಮ್ಯೂನಿಕ್ ನಗರಗಳನ್ನು ವಶಪಡಿಸಿಕೊಂಡಿತು. ಏಪ್ರಿಲ್ 29ರಂದು ಡಖಾವ್ ಯಾತನಾ ಶಿಬಿರದ ಬಂಧಿತರನ್ನು ವಿಮೋಚನೆಗೊಳಿಸಿದ್ದೂ ಇದರ ಡಿವಿಜನ್‌ಗಳೇ.

ಮತ್ತೆ ಜೀವ ತಳೆದ ಬಗೆ

1946ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಸೇನೆಯನ್ನು ನಿಷ್ಕ್ರಿಯಗೊಳಿಸಲಾಯಿತು. ಆದರೆ 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಭುಗಿಲೆದ್ದಾಗ ಪಶ್ಚಿಮ ಯುರೋಪಿನಲ್ಲಿಯೂ ಸೋವಿಯತ್ ದಾಳಿಯ ಭೀತಿ ಆವರಿಸಿತು. ಅದೇ ನವೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಏಳನೇ ಸೇನೆ ಮತ್ತೆ ಅಸ್ತಿತ್ವಕ್ಕೆ ಬಂತು. ಮರುವರ್ಷ ಅಮೆರಿಕದಿಂದ ನಾಲ್ಕು ಡಿವಿಜನ್‌ಗಳು ಬಂದಿಳಿದವು. ಐದನೇ ಮತ್ತು ಏಳನೇ ಕೋರ್‌ಗಳು ಇದರ ಎರಡು ತೋಳುಗಳಾದವು.

1966ರ ಡಿಸೆಂಬರ್ 1ರಂದು ಇದರ ಕೇಂದ್ರ ಕಚೇರಿಯನ್ನು ಯುರೋಪಿನ ಅಮೆರಿಕ ಭೂಸೇನಾ ಕಮಾಂಡ್‌ನೊಂದಿಗೆ ವಿಲೀನಗೊಳಿಸಲಾಯಿತು. ಶೀತಲ ಸಮರ ಮುಗಿದ ಬಳಿಕ ಕೋರ್‌ಗಳೂ ಒಂದೊಂದಾಗಿ ಕರಗಿದವು. ಕೊಲ್ಲಿ ಯುದ್ಧದಲ್ಲಿ ಹೋರಾಡಿ ಮರಳಿದ ಏಳನೇ ಕೋರ್ 1992ರಲ್ಲಿಯೂ, ಐದನೇ ಕೋರ್ 2013ರಲ್ಲಿಯೂ ನಿಷ್ಕ್ರಿಯಗೊಂಡವು. ಆದರೆ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡ ನಂತರ ಲೆಕ್ಕಾಚಾರ ಬದಲಾಯಿತು. 2020ರಲ್ಲಿ ಐದನೇ ಕೋರ್ ಮರುಜನ್ಮ ಪಡೆಯಿತು. ಅದರ ಮುಂಚೂಣಿ ಕಚೇರಿಗೆ ಪೋಲೆಂಡ್‌ನ ಪೊಜ್ನಾನ್ ನೆಲೆಯಾಯಿತು.

ಯುದ್ಧಕ್ಕೆಂದು ಕಟ್ಟಿದ ಕಚೇರಿಗಳನ್ನು ಶಾಂತಿಕಾಲದಲ್ಲಿ ಮುಚ್ಚುವುದು ಸುಲಭ. ಅಪಾಯ ಎದುರಾದಾಗ ಮತ್ತೆ ಕಟ್ಟಲು ಕಾಲ ಬೇಕು. 1950ರಲ್ಲಿ ಕಂಡ ಈ ಸತ್ಯ 70 ವರ್ಷಗಳ ನಂತರವೂ ಬದಲಾಗಲಿಲ್ಲ.