ಪಹಣಿ ಇದ್ದರೆ ಸಾಕೇ, ಮ್ಯುಟೇಷನ್ ಬೇಡವೇ?

ಊರಲ್ಲಿ ಜಮೀನು ಕೊಳ್ಳುವವರು ಈಗಿನ ಪಹಣಿಯೊಂದನ್ನೇ ನೋಡಿ ದುಡ್ಡು ಕೊಡುವುದಿಲ್ಲ. ಯಾರಿಂದ ಯಾರಿಗೆ ಬಂತು ಎಂದು ಹಳೆಯ ಮ್ಯುಟೇಷನ್ ಕೇಳುತ್ತಾರೆ. ಸಾಫ್ಟ್‌ವೇರ್‌ನಲ್ಲೂ ಅಷ್ಟೇ. ಕೋಡ್‌ನ ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ದಾಖಲೆ ವರ್ಷನ್ ಕಂಟ್ರೋಲ್‌ನಲ್ಲಿರುತ್ತದೆ.

ಮುನಿರ್ಕಾದ ಬಾಡಿಗೆ ಮನೆಯಿಂದ ದಿನಾ ಮೆಟ್ರೊ ಹತ್ತಿ ನಾನು ಹೋಗುವ ಕಚೇರಿಯಲ್ಲಿ, ಹಳೆಯ ಎಸ್‌ವಿಎನ್ ಬಿಟ್ಟು ಗಿಟ್‌ಗೆ ಹೋಗುವ ತೀರ್ಮಾನವಾಯಿತು. ‘ಇವತ್ತಿನ ಫೈಲ್‌ಗಳನ್ನಷ್ಟೇ ಕಾಪಿ ಮಾಡೋಣ, ಒಂದು ಸಂಜೆಯ ಕೆಲಸ’ ಎಂದರು ಕೆಲವರು. ನಾನು ಒಪ್ಪಲಿಲ್ಲ. ನಮ್ಮ ಬಿಲ್ಲಿಂಗ್ ಕೋಡ್‌ನಲ್ಲಿ ಪೈಸೆಯನ್ನು ರೌಂಡ್ ಮಾಡುವ ವಿಚಿತ್ರ ಸಾಲೊಂದಿದೆ. ಬರೆದವರು ಕೆಲಸ ಬಿಟ್ಟು ವರ್ಷಗಳಾದವು. ಹಾಗೇಕೆ ಎಂಬುದು ಉಳಿದಿರುವುದು ಅವರ ಕಮಿಟ್ ಟಿಪ್ಪಣಿಯಲ್ಲಿ ಮಾತ್ರ. ಅದು ಅಳಿಸಿಹೋದರೆ ನಾಳೆ ಯಾರೋ ‘ತಪ್ಪು’ ಎಂದು ತಿದ್ದುತ್ತಾರೆ, ಗ್ರಾಹಕರ ಬಿಲ್ ಕೆಡುತ್ತದೆ.

ದೊಡ್ಡವರ ಅನುಭವವೂ ಕಣ್ಣೆದುರಿಗಿದೆ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ಬಿಟ್‌ಕೀಪರ್‌ನಿಂದ ಗಿಟ್‌ಗೆ ಬಂದಾಗ ಲಿನಸ್ ಟೊರ್ವಾಲ್ಡ್ಸ್ ಹಳೆಯ ಇತಿಹಾಸವನ್ನು ತರಲಿಲ್ಲ. ಇಂದಿಗೂ ಅಲ್ಲಿ ಹಳೆಯ ಸಾಲಿನ ಮೂಲ ಹುಡುಕುತ್ತ ಹೋದರೆ 2.6.12-ಆರ್‌ಸಿ2ಕ್ಕೆ ದಾರಿ ನಿಲ್ಲುತ್ತದೆ. ಅದಕ್ಕೂ ಹಿಂದಿನದಕ್ಕೆ ಬೇರೆ ರೆಪೊಸಿಟರಿಯನ್ನೇ ತೆರೆಯಬೇಕು. 2009ರಲ್ಲಿ ಎಸ್‌ವಿಎನ್‌ನಿಂದ ಗಿಟ್‌ಗೆ ಬಂದ ಗ್ನೋಮ್ ಇತಿಹಾಸವನ್ನೂ ಹೊತ್ತು ತಂದಿತು. ಅದಕ್ಕೂ ಮುಂಚೆ ನಡೆದ ಕನ್ನಡ ಅನುವಾದದ ಕೆಲಸ ಇಂದಿಗೂ ದಾಖಲೆಯಲ್ಲಿ ಉಳಿದಿದೆ.

ನಾವು ‘ಗಿಟ್ ಎಸ್‌ವಿಎನ್’ ಬಳಸಿದೆವು. ಅದು ಒಂದೊಂದೇ ರಿವಿಷನ್ ಓದಿ ಕಮಿಟ್ ಮಾಡುತ್ತದೆ. ಹೆಚ್ಚು ಹೊತ್ತು ಹಿಡಿದದ್ದು ಹೆಸರುಗಳ ಪಟ್ಟಿ. ಎಸ್‌ವಿಎನ್‌ನಲ್ಲಿ ಬರೀ ಲಾಗಿನ್ ಇರುತ್ತದೆ, ಗಿಟ್‌ಗೆ ಹೆಸರು, ಇಮೇಲ್ ಎರಡೂ ಬೇಕು. ಕೆಲಸ ಬಿಟ್ಟವರ ಹೆಸರುಗಳನ್ನು ಹಳೆಯ ಮೇಲ್‌ಗಳಲ್ಲಿ ಹುಡುಕಿದೆವು. ಪ್ರತಿ ಕಮಿಟ್‌ನ ಕೆಳಗೆ ಹಳೆಯ ರಿವಿಷನ್ ಸಂಖ್ಯೆಯನ್ನು ಹಾಗೇ ಬಿಟ್ಟೆವು. ಹಳೆಯ ಟಿಕೆಟ್‌ಗಳಲ್ಲಿ ಇರುವುದು ಅದೇ ಸಂಖ್ಯೆ.

ಇನ್ನೊಂದು ಸೂಕ್ಷ್ಮವಿದೆ. ಫೈಲ್‌ನ ಹೆಸರು ಬದಲಾದದ್ದನ್ನು ಗಿಟ್ ಬರೆದಿಡುವುದಿಲ್ಲ, ಒಳಗಿನ ಹೋಲಿಕೆ ನೋಡಿ ಊಹಿಸುತ್ತದೆ. ಹೋಲಿಕೆ ಅರ್ಧಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಹೊಸ ಫೈಲ್ ಎಂದೇ ತಿಳಿಯುತ್ತದೆ. ಆದ್ದರಿಂದ ಹೆಸರು ಬದಲಿಸುವುದು ಒಂದು ಕಮಿಟ್, ಒಳಗೆ ತಿದ್ದುವುದು ಇನ್ನೊಂದು ಕಮಿಟ್ ಆಗಿರಲಿ. ಲಾಗ್ ನೋಡುವಾಗ ‘ಫಾಲೋ’ ಸೇರಿಸಿ.

ನಿಮ್ಮ ಕಚೇರಿಯಲ್ಲೂ ಈ ಕೆಲಸ ಬಂದರೆ, ಹಳೆಯ ಸರ್ವರನ್ನು ಕೂಡಲೇ ಅಳಿಸಬೇಡಿ. ಓದಲಷ್ಟೇ ಬರುವಂತೆ ಇಟ್ಟು, ಮುಖ್ಯ ಫೈಲ್‌ಗಳ ಇತಿಹಾಸವನ್ನು ಎರಡೂ ಕಡೆ ತಾಳೆ ನೋಡಿ. ಆಮೇಲೆ ಬೀಗ ಹಾಕಿ.