ಬೆಳೆಯುವ ಭುಜ

ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ಬಂದ ಕನ್ನಡಿಗರು ಬಸ್ಸಿಳಿಯುವ ಪುಣೆಯ ಸ್ವಾರಗೇಟದ ಸಮೀಪದಲ್ಲಿಯೇ, 1996ರ ವಿಶ್ವಕಪ್ಪಿನಲ್ಲಿ ಕೀನ್ಯಾ ತಂಡವು ವೆಸ್ಟ್ ಇಂಡೀಸನ್ನು 93 ರನ್ನುಗಳಿಗೆ ಉರುಳಿಸಿದ ನೆಹರೂ ಕ್ರೀಡಾಂಗಣವಿದೆ. ಇಂತಹ ಅಂಗಣಗಳಲ್ಲಿ ದಿನವೂ ಚೆಂಡೆಸೆಯುವ ಹದಿಮೂರರ ಬಾಲಕನು ಭುಜ ನೋಯುತ್ತದೆಂದರೆ, ಉಳುಕಿರಬೇಕು, ಎಣ್ಣೆ ಹಚ್ಚಿ ತಿಕ್ಕಿದರೆ ಹೋದೀತು ಎನ್ನುವುದು ಹಿರಿಯರ ವಾಡಿಕೆ.

ದೇಹದ ಸಂಧಿಗಳಲ್ಲೆಲ್ಲ ಭುಜವು ಅತ್ಯಂತ ಸ್ವಚ್ಛಂದವಾದುದು, ಆದುದರಿಂದಲೇ ಅಸ್ಥಿರವಾದುದು. ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ ಆಳವಿಲ್ಲದ ಗುಳಿಯಲ್ಲಿ ಕುಳಿತ ತೋಳೆಲುಬಿನ ತಲೆಯನ್ನು ನಾಲ್ಕು ಚಿಕ್ಕ ಸ್ನಾಯುಗಳೂ ಗುಳಿಯಂಚಿನ ಮೃದ್ವಸ್ಥಿಯ ಬಳೆಯೂ ಜಾರದಂತೆ ಹಿಡಿದಿರುತ್ತವೆ. ಪ್ರಾಯಸ್ಥರಲ್ಲಿ ಸಾಮಾನ್ಯವಾಗಿ ಸವೆಯುವವೂ ಹರಿಯುವವೂ ಇವೇ. ಬಾಲಕನ ಸಂಗತಿ ಬೇರೆ. ಅವನ ತೋಳೆಲುಬಿನ ಮೇಲ್ತುದಿಯಲ್ಲಿ, ಆ ಎಲುಬಿನ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇಕಡಾ 80ರಷ್ಟನ್ನು ನಿರ್ವಹಿಸುವ ಮೃದ್ವಸ್ಥಿಯ ಪದರವೊಂದು ಇನ್ನೂ ಗಟ್ಟಿಯಾಗದೆ ಉಳಿದಿದ್ದು, ಎಸೆತದ ತಿರುಚು ಪುನಃ ಪುನಃ ಬಿದ್ದಾಗ ಘಾಸಿಗೊಳ್ಳುವುದು ಅದೇ. ಅಮೆರಿಕದ ಬೇಸ್‌ಬಾಲ್ ಹುಡುಗರಲ್ಲಿ 1953ರಲ್ಲಿ ವರ್ಣಿತವಾದ ಈ ವ್ಯಾಧಿಯನ್ನು ವೈದ್ಯರು ‘ಲಿಟ್ಲ್ ಲೀಗ್ ಭುಜ’ವೆನ್ನುತ್ತಾರೆ; ಎರಡೂ ಭುಜಗಳ ಎಕ್ಸ್-ರೇ ಹೋಲಿಸಿದರೆ ನೊಂದ ಕಡೆಯ ಪದರವು ಅಗಲಿಸಿರುವುದು ಬಹುಶಃ ಕಂಡೀತು.

ಚಿಕಿತ್ಸೆಯೋ, ಹೇಳಲು ಸುಲಭ, ನಡೆಸಲು ದುಸ್ತರ: ಸಾಮಾನ್ಯವಾಗಿ ಮೂರು ತಿಂಗಳ ಕಾಲ ಎಸೆಯಕೂಡದು. ನೋವಿನ ಗುಳಿಗೆ ನುಂಗಿಸಿ ಪಂದ್ಯಕ್ಕಿಳಿಸುವುದು ಚಿಕಿತ್ಸೆಯಲ್ಲ, ವಂಚನೆ. ಎಸೆತದ ಬಲವು ಕಾಲು, ಸೊಂಟಗಳಲ್ಲಿ ಹುಟ್ಟಿ ಬೆನ್ನಿನ ಮೂಲಕ ತೋಳಿಗೆ ಹರಿಯುವುದರಿಂದ, ಫಿಜಿಯೋಥೆರಪಿಯವರು ಹೆಗಲೆಲುಬಿನ ಸುತ್ತಣ ಸ್ನಾಯುಗಳೊಡನೆ ಅವನ್ನೂ ಬಲಪಡಿಸಿ, ತರುವಾಯ ಅಲ್ಪ ದೂರದ, ಅಲ್ಪಸಂಖ್ಯೆಯ ಎಸೆತಗಳಿಂದ ಆಟವನ್ನು ಪುನರಾರಂಭಿಸುತ್ತಾರೆ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಕೀಲು ಮತ್ತೆ ಮತ್ತೆ ತಪ್ಪುವವರಲ್ಲಿ, ಅಂಚಿನ ಬಳೆ ಹರಿದವರಲ್ಲಿ.

ನಮ್ಮ ಕೆ. ಎಲ್. ರಾಹುಲ್ 2017ರಲ್ಲಿ ಪುಣೆಯ ಹೊರವಲಯದ ಗಹುಂಜೆಯ ಟೆಸ್ಟಿನಲ್ಲಿ ಬ್ಯಾಟು ಬೀಸುತ್ತ ಭುಜಕ್ಕೆ ಪೆಟ್ಟು ಮಾಡಿಕೊಂಡರೂ ಸರಣಿಯನ್ನು ಮುಗಿಸಿ, ಅನಂತರವೇ ಶಸ್ತ್ರಚಿಕಿತ್ಸೆಗೆ ಹೋದದ್ದನ್ನು ಶೌರ್ಯವೆಂದು ಹೊಗಳುವವರುಂಟು. ಬೆಳೆದು ಮುಗಿದ ಎಲುಬಿನ ಆ ನಿರ್ಧಾರವನ್ನು ಬೆಳೆಯುತ್ತಿರುವ ಎಲುಬಿಗೆ ಆದರ್ಶವಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಹದಿಮೂರು ವಯಸ್ಸಿನೊಳಗಿನ ವೇಗದ ಬೌಲರು ಒಂದು ಸರದಿಯಲ್ಲಿ 5, ದಿನಕ್ಕೆ 10 ಓವರುಗಳನ್ನು ಮೀರಬಾರದೆಂದು ಇಂಗ್ಲೆಂಡಿನ ಮಂಡಳಿಯು ಮಿತಿ ಹಾಕಿತ್ತು. ಅದು ಮುಖ್ಯವಾಗಿ ಬೆನ್ನನ್ನು ಕಾಯುವ ಲೆಕ್ಕ. ಫೀಲ್ಡಿಂಗ್ ಅಭ್ಯಾಸದಲ್ಲಿ ಬೌಂಡರಿಯಿಂದ ಮೊಣಕೈ ಮಡಿಸಿ ಎಸೆದ ನೂರಾರು ಎಸೆತಗಳು ಅದರೊಳಗೆ ಬರುವುದಿಲ್ಲ, ಬೆಳಿಗ್ಗೆ ಶಾಲೆಯ ತಂಡಕ್ಕೂ ಸಂಜೆ ಕ್ಲಬ್ಬಿನ ತಂಡಕ್ಕೂ ಆಡುವ ಹುಡುಗನ ಎಸೆತಗಳನ್ನು ಒಟ್ಟಾಗಿ ಎಣಿಸುವವರಂತೂ ಮನೆಯವರ ಹೊರತು ಮತ್ತಾರೂ ಇರಲಾರರು.