ಜಲ್ಲಿ ಕಾಯಿಸುವ ಖರ್ಚು

ಹೊಸೂರಿನಲ್ಲಿ ಏಥರ್ ಮತ್ತು ಟಿವಿಎಸ್, ಪೋಚಂಪಳ್ಳಿಯಲ್ಲಿ ಓಲಾ. ದೇಶದ ವಿದ್ಯುತ್ ಸ್ಕೂಟರ್‌ಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಕೃಷ್ಣಗಿರಿ ಜಿಲ್ಲೆಯಲ್ಲೇ. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು ವಿಚಾರಿಸದೆ ಯಾರೂ ಗಾಡಿ ಕೊಳ್ಳುವುದಿಲ್ಲ. ಅದು ಓಡುವ ರಸ್ತೆಗೆ ಎಷ್ಟು ಇಂಧನ ಸುಟ್ಟಿತು ಎಂದು ಕೇಳುವವರು ಮಾತ್ರ ಕಡಿಮೆ.

ಡಾಂಬರು ಮಿಶ್ರಣದ ತೂಕದಲ್ಲಿ ಡಾಂಬರಿನ ಪಾಲು ಶೇ 5ರ ಆಸುಪಾಸು. ಉಳಿದದ್ದೆಲ್ಲ ಜಲ್ಲಿ, ಕಲ್ಲುಪುಡಿ. 7 ಮೀಟರ್ ಅಗಲದ ರಸ್ತೆಗೆ 40 ಮಿಲಿಮೀಟರ್ ದಪ್ಪದ ಒಂದು ಪದರ ಹಾಕಿದರೂ ಕಿಲೋಮೀಟರಿಗೆ 650 ಟನ್ನಿಗೂ ಹೆಚ್ಚು ಮಿಶ್ರಣ ಬೇಕು. ಅಷ್ಟೂ ಕಲ್ಲನ್ನು ಪ್ಲಾಂಟಿನ ಡ್ರಮ್ಮಿನಲ್ಲಿ 150–160 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಶ್ರೀನಗರ–ಕನ್ಯಾಕುಮಾರಿಯ 44ನೇ ಹೆದ್ದಾರಿ, ದೆಹಲಿ–ಚೆನ್ನೈನ 48ನೇ ಹೆದ್ದಾರಿ ಎರಡೂ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಒಂದೇ ದಾರಿಯಲ್ಲಿ ಸಾಗುತ್ತವೆ. ಇಷ್ಟು ಲಾರಿಗಳನ್ನು ಹೊರುವ ರಸ್ತೆಗೆ ಮತ್ತೆ ಮತ್ತೆ ಮೇಲ್ಪದರ ಹಾಕಲೇಬೇಕು, ಪ್ರತಿ ಸಲವೂ ಕಲ್ಲು ಕಾಯಿಸಲೇಬೇಕು.

ಕಲ್ಲಿನ ಜೊತೆಗೆ ನೀರೂ ಕಾಯುತ್ತದೆ. ಜಲ್ಲಿ, ಪುಡಿಯಲ್ಲಿ ಶೇ 4ರಷ್ಟು ತೇವವಿದ್ದರೆ ಆ ನೀರನ್ನು ಆವಿ ಮಾಡಲು ಬೇಕಾದ ಶಾಖ, ಒಣಕಲ್ಲನ್ನು 160 ಡಿಗ್ರಿಗೆ ಏರಿಸಲು ಬೇಕಾದಷ್ಟೇ ಆಗಿಬಿಡುತ್ತದೆ. ಅಂದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ನೆನೆದ ರಾಶಿಗೆ ಹೆಚ್ಚುಕಡಿಮೆ ಎರಡು ಪಟ್ಟು ಶಾಖ. ರಾಶಿಯ ಮೇಲೆ ಒಂದು ತಗಡಿನ ಸೂರು, ನೀರು ಹರಿದುಹೋಗುವಂಥ ಇಳಿಜಾರು ನೆಲ: ಇದಕ್ಕಿಂತ ಅಗ್ಗದ ಇಂಧನ ಉಳಿತಾಯ ರಸ್ತೆ ಕೆಲಸದಲ್ಲಿ ಸಿಗುವುದು ಕಷ್ಟ.

ಶಾಖವನ್ನೇ ತಗ್ಗಿಸುವ ದಾರಿಗಳೂ ಇವೆ. ಸೇರ್ಪಡೆ ರಾಸಾಯನಿಕ ಬೆರೆಸಿದ 'ವಾರ್ಮ್ ಮಿಕ್ಸ್' 20–30 ಡಿಗ್ರಿ ಕಡಿಮೆ ಬಿಸಿಯಲ್ಲೇ ಹದವಾಗಿ ಹರಡಿಕೊಳ್ಳುತ್ತದೆ. ನೀರಿನಲ್ಲಿ ಡಾಂಬರನ್ನು ಸಣ್ಣ ಹನಿಗಳಾಗಿ ಬೆರೆಸಿದ ಎಮಲ್ಷನ್ ಬಳಸಿದರೆ ಕಲ್ಲು ಕಾಯಿಸುವುದೇ ಬೇಡ. ಭಾರದ ಲಾರಿಗಳು ಕಡಿಮೆ ಓಡಾಡುವ ತಳಿ, ಅಂಚೆಟ್ಟಿ ಕಡೆಯ ಹಳ್ಳಿ ರಸ್ತೆಗಳಿಗೆ ಈ ತಣ್ಣನೆಯ ಮಿಶ್ರಣ ಒಪ್ಪುತ್ತದೆ.

ತಮಿಳುನಾಡಿನ ಹೆಮ್ಮೆಯ ಪ್ಲಾಸ್ಟಿಕ್ ರಸ್ತೆಯನ್ನೂ ಇಲ್ಲಿ ನೆನೆಯಬೇಕು. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ಆರ್. ವಾಸುದೇವನ್ ಅವರಿಗೆ ಈ ವಿಧಾನಕ್ಕಾಗಿ 2018ರಲ್ಲಿ ಪದ್ಮಶ್ರೀ ಸಂದಿತು. ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಕರಗಿ ತೆಳುವಾಗಿ ಅಂಟಿಕೊಳ್ಳುತ್ತದೆ, ಡಾಂಬರು ಉಳಿಯುತ್ತದೆ, ನೀರಿಗೆ ಜಲ್ಲಿ ಕಿತ್ತುಬರುವುದು ಕಡಿಮೆಯಾಗುತ್ತದೆ. ಕಸಕ್ಕೆ ಇದು ಒಳ್ಳೆಯ ಗತಿ. ಆದರೆ ಕಲ್ಲನ್ನು ಎಂದಿನಂತೆ ಕಾಯಿಸಲೇಬೇಕಾದ್ದರಿಂದ ಒಲೆಯ ಇಂಧನ ಇದರಿಂದ ತಗ್ಗದು.

ಸೇತುವೆ, ಮೇಲುಸೇತುವೆಗಳ ಲೆಕ್ಕ ಬೇರೆ. ಅಲ್ಲಿ ಇಂಧನ ನುಂಗುವುದು ಸಿಮೆಂಟು: ಕ್ಲಿಂಕರ್ ಸುಡಲು ಸುಮಾರು 1450 ಡಿಗ್ರಿ ಬೇಕು. ಅದರ ಒಂದು ಪಾಲನ್ನು ಹಾರುಬೂದಿಯಿಂದಲೋ ಕಬ್ಬಿಣದ ಊದುಕುಲುಮೆಯ ಕಿಟ್ಟದಿಂದಲೋ ತುಂಬಬಹುದು. ಬೂದಿಗೆ ಮೆಟ್ಟೂರಿನ ಉಷ್ಣ ವಿದ್ಯುತ್ ಸ್ಥಾವರವಿದೆ, ಕಿಟ್ಟಕ್ಕೆ ಮೆಟ್ಟೂರು ಬಳಿಯ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಿದೆ. ಎರಡೂ ಧರ್ಮಪುರಿ ದಾಟಿದರೆ ಸಿಗುವ ಸೇಲಂ ಜಿಲ್ಲೆಯವೇ.

ಕಲ್ಲಂತೂ ಮನೆಬಾಗಿಲಲ್ಲೇ ಇದೆ. ಕೃಷ್ಣಗಿರಿಯ ಗ್ರಾನೈಟ್ ಕ್ವಾರಿಗಳಲ್ಲಿ ಹೊಳಪಿನ ಚಪ್ಪಡಿಯಾಗುವುದು ಅಗೆದದ್ದರಲ್ಲಿ ಸ್ವಲ್ಪವೇ. ಬಿರುಕು ಬಿಟ್ಟ, ಬಣ್ಣ ಒಪ್ಪದ ಬಂಡೆಗಳು ಗುಡ್ಡೆಯಾಗಿ ಬೀಳುತ್ತವೆ. ಗಟ್ಟಿತನವನ್ನೂ ಡಾಂಬರು ಹಿಡಿಯುವ ಗುಣವನ್ನೂ ಪರೀಕ್ಷಿಸಿ ಇವನ್ನೇ ಕ್ರಷರಿಗೆ ಹಾಕಿದರೆ ಇನ್ನೊಂದು ಗುಡ್ಡಕ್ಕೆ ಮದ್ದು ಇಡಬೇಕಾಗಿಲ್ಲ. ಹಳೆಯ ರಸ್ತೆಯನ್ನು ಕೆತ್ತಿ ತೆಗೆದ ಡಾಂಬರು ಜಲ್ಲಿಯೂ ಕಸವಲ್ಲ. ಅದನ್ನು ಮತ್ತೆ ಬೆರೆಸುವ ಕ್ರಮವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಮಾರ್ಗಸೂಚಿಯಾಗಿ ಕೊಟ್ಟಿದೆ.

ಮಾರ್ಗಸೂಚಿ ಇದ್ದರೂ ಟೆಂಡರಿನಲ್ಲಿ ದರ, ದಪ್ಪ, ಗಡುವುಗಳಿಗೆ ಸಿಗುವ ಗಮನ ಇಂಧನಕ್ಕೆ ಸಿಗುವುದಿಲ್ಲ. ಒಂದು ಟನ್ ಮಿಶ್ರಣಕ್ಕೆ ಎಷ್ಟು ಲೀಟರ್ ಎಣ್ಣೆ ಸುಟ್ಟಿತು, ಜಲ್ಲಿ ಎಷ್ಟು ದೂರದಿಂದ ಬಂತು ಎಂಬ ಎರಡು ಕಾಲಂ ಸೇರಿಸಿದರೆ ಸಾಕು. ಎಣ್ಣೆಗೆ ದುಡ್ಡು ಕೊಡುವ ಪ್ಲಾಂಟಿನವರ ಬಳಿ ಮೊದಲನೆಯ ಲೆಕ್ಕ ಹೇಗೂ ಇರುತ್ತದೆ, ಎರಡನೆಯದು ಟಿಪ್ಪರಿನ ಬಾಡಿಗೆ ಚೀಟಿಯಲ್ಲಿದೆ. ಹೊಸೂರು ಮಹಾನಗರ ಪಾಲಿಕೆ ತನ್ನ ಮುಂದಿನ ರಸ್ತೆ ಕಾಮಗಾರಿಯಿಂದಲೇ ಇವೆರಡನ್ನು ಕೇಳಲು ಶುರುಮಾಡಬಹುದು.